ಅಮೆರಿಕದ ಮೂಲನಿವಾಸಿಗಳಲ್ಲಿ ಸೋಂಕು ರೋಗ: ಅಲಾಸ್ಕಾದಲ್ಲಿ, ನೈರುತ್ಯದಲ್ಲಿ ಏಕೆ ಅಷ್ಟು ಹೆಚ್ಚು?

ಪ್ರಶ್ನೆ: ನಾನು ನರ್ಸಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ. ಸಮುದಾಯ ಆರೋಗ್ಯದ ಸೆಮಿನಾರ್‌ಗಾಗಿ ಅಮೆರಿಕದ ಮೂಲನಿವಾಸಿಗಳ ಬಗ್ಗೆ ಓದುತ್ತಿದ್ದೇನೆ. ಸೋಂಕು ರೋಗಗಳಿಂದ ಆಸ್ಪತ್ರೆ ಸೇರುವವರ ಪ್ರಮಾಣ ಅಲಾಸ್ಕಾದಲ್ಲೂ ನೈರುತ್ಯದ ರಾಜ್ಯಗಳಲ್ಲೂ ಉಳಿದೆಡೆಗಿಂತ ಹೆಚ್ಚು ಎಂದು ತಿಳಿಯಿತು. ಒಂದು ಕಡೆ ಹಿಮ, ಇನ್ನೊಂದು ಕಡೆ ಮರುಭೂಮಿ. ಹವೆ ಕಾರಣವಲ್ಲದಿದ್ದರೆ ಇದು ವಂಶವಾಹಿಯ ದೌರ್ಬಲ್ಯವೇ? ನಮ್ಮ ಸೋಲಿಗರು, ಜೇನುಕುರುಬರ ಬಗ್ಗೆಯೂ ಇಂಥ ಲೆಕ್ಕ ಸಾಧ್ಯವೇ?

ಉತ್ತರ: ಹಿಮ ಒಂದು ಕಡೆ, ಮರುಭೂಮಿ ಇನ್ನೊಂದು ಕಡೆ ಎಂದು ನೀವೇ ಗುರುತಿಸಿದ್ದೀರಿ. ಉತ್ತರದ ಅರ್ಧ ಭಾಗ ಅಲ್ಲೇ ಇದೆ. ಹವೆಯಲ್ಲಿ ಒಂದಕ್ಕೊಂದು ತದ್ವಿರುದ್ಧವಾದ ಎರಡು ಸೀಮೆಗಳಲ್ಲಿ ಒಂದೇ ಬಗೆಯ ಕಾಯಿಲೆಗಳು ಹಾಸಿಗೆ ತುಂಬಿಸುತ್ತಿದ್ದರೆ, ಎರಡೂ ಕಡೆ ಏನು ಸಮಾನವಾಗಿದೆ ಎಂದು ಹುಡುಕಬೇಕು. ಎರಡೂ ಕಡೆ ಎಷ್ಟೋ ಮನೆಗಳಲ್ಲಿ ನಲ್ಲಿ ಇಲ್ಲ, ಮನೆ ತುಂಬ ಜನ, ಆಸ್ಪತ್ರೆ ದೂರ. ವಂಶವಾಹಿಯ ಪಾಲು ಶೂನ್ಯ ಎನ್ನಲಾರೆ, ಅದರ ಮಾತಿಗೆ ಮುಂದೆ ಬರುತ್ತೇನೆ. ಆದರೆ ನೀವು ಕೇಳಿದ ಅಂತರಕ್ಕೆ ಅದು ಕಾರಣವಲ್ಲ.

ಮೊದಲು ಅಂಕಿಗಳು. ಅಮೆರಿಕದ ಮೂಲನಿವಾಸಿಗಳಿಗೆ ಚಿಕಿತ್ಸೆ ಕೊಡುವ ಹೊಣೆ ಇಂಡಿಯನ್ ಹೆಲ್ತ್ ಸರ್ವಿಸ್ ಎಂಬ ಸರ್ಕಾರಿ ಸಂಸ್ಥೆಯದು. 1955ರಿಂದ ಅದು ಸಾರ್ವಜನಿಕ ಆರೋಗ್ಯ ಇಲಾಖೆಯ ಅಡಿಯಲ್ಲಿದೆ, ದೇಶವನ್ನು ಹನ್ನೆರಡು ವಲಯಗಳಾಗಿ ವಿಂಗಡಿಸಿಕೊಂಡಿದೆ. ಅದರ ಆಸ್ಪತ್ರೆಗಳ 2004ರಿಂದ 2006ರವರೆಗಿನ ದಾಖಲೆಗಳನ್ನು ವಯಸ್ಸಿಗೆ ಹೊಂದಿಸಿ ಲೆಕ್ಕ ಹಾಕಿದಾಗ, ಸೋಂಕಿನಿಂದ ದಾಖಲಾದವರ ಪ್ರಮಾಣ ವರ್ಷಕ್ಕೆ ಲಕ್ಷಕ್ಕೆ ಸುಮಾರು 1,700. ಇಡೀ ಅಮೆರಿಕದ ಜನರಲ್ಲಿ ಅದು ಸುಮಾರು 1,600. ಇಷ್ಟನ್ನೇ ಓದಿದವರು ‘ದೊಡ್ಡ ವ್ಯತ್ಯಾಸವೇನಿಲ್ಲ’ ಎಂದು ಪುಟ ಮಗುಚಿಬಿಡುತ್ತಾರೆ. ವಲಯವಾರು ಬಿಡಿಸಿದಾಗ ಚಿತ್ರ ಬದಲಾಗುತ್ತದೆ: ನೈರುತ್ಯದಲ್ಲಿ 2,300, ಅಲಾಸ್ಕಾದಲ್ಲಿ 2,000ಕ್ಕೂ ಮೇಲೆ, ಉತ್ತರ ಬಯಲುನಾಡಿನ ಪಶ್ಚಿಮ ಭಾಗದಲ್ಲಿ ಅದಕ್ಕೆ ತುಸು ಕಡಿಮೆ. ಒಂದು ವರ್ಷದೊಳಗಿನ ಕೂಸುಗಳಲ್ಲಿ 9,000 ಮೀರುತ್ತದೆ. ದಾಖಲಾದವರಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿನವರಿಗೆ ನ್ಯುಮೋನಿಯಾದಂಥ ಶ್ವಾಸಕೋಶದ ಸೋಂಕು. ನಂತರದ ಸ್ಥಾನ ಚರ್ಮದ ಸೋಂಕಿಗೆ, ಆಮೇಲೆ ಮೂತ್ರಕೋಶ, ಮೂತ್ರಪಿಂಡಗಳದ್ದು. ಈ ಅನುಕ್ರಮವನ್ನು ನೆನಪಿಡಿ. ಭೇದಿ, ವಾಂತಿ ಮೊದಲ ಮೂರರಲ್ಲಿ ಇಲ್ಲ.

ಈಗ ಅಲಾಸ್ಕಾದ ಒಂದು ಮೂಲೆಯನ್ನು ಹತ್ತಿರದಿಂದ ನೋಡೋಣ. ಯೂಕಾನ್ ಮತ್ತು ಕಸ್ಕೊಕ್ವಿಮ್ ಎಂಬ ಎರಡು ದೊಡ್ಡ ನದಿಗಳು ಬೇರಿಂಗ್ ಸಮುದ್ರ ಸೇರುವಲ್ಲಿ ವಿಶಾಲವಾದ ಜೌಗು ಮುಖಜಭೂಮಿ ಇದೆ. ಅಲ್ಲಿನ ಐವತ್ತರಷ್ಟು ಹಳ್ಳಿಗಳಲ್ಲಿ ಹೆಚ್ಚಾಗಿ ಯೂಪಿಕ್ ಜನ ವಾಸಿಸುತ್ತಾರೆ. ಬೆತೆಲ್ ಎಂಬ ಪಟ್ಟಣದಲ್ಲಿ ಪ್ರಾದೇಶಿಕ ಆಸ್ಪತ್ರೆ ಇದೆ. ಹಳ್ಳಿಗಳಿಂದ ಅಲ್ಲಿಗೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಹಿಮವಾಹನ, ಉಳಿದಂತೆ ಸಣ್ಣ ವಿಮಾನ. ನೆಲದಡಿ ವರ್ಷವಿಡೀ ಕರಗದ ಹೆಪ್ಪುಮಣ್ಣು ಇರುವುದರಿಂದ ಕೊಳವೆ ಹೂಳುವುದು ಕಷ್ಟ. ಹೂಳಿದರೂ ಒಡೆಯುತ್ತದೆ, ಮೇಲೆ ಹಾಕಿದರೆ ಬೆಚ್ಚಗಿನ ಹೊದಿಕೆ ಬೇಕು, ನೀರು ಸದಾ ಹರಿಯುತ್ತಿರಬೇಕು. ಹಾಗಾಗಿ ಎಷ್ಟೋ ಹಳ್ಳಿಗಳಲ್ಲಿ ಮನೆಗೆ ನೀರು ಬಂದೇ ಇಲ್ಲ. ಊರಿನ ನಡುವೆ ಶುದ್ಧೀಕರಿಸಿದ ನೀರಿನ ಒಂದು ಕೇಂದ್ರವಿರುತ್ತದೆ. ಅಲ್ಲಿ ದುಡ್ಡು ಕೊಟ್ಟು ಸ್ನಾನ ಮಾಡಬಹುದು, ಬಟ್ಟೆ ಒಗೆಯಬಹುದು, ಕ್ಯಾನಿನಲ್ಲಿ ನೀರು ಹೊತ್ತೊಯ್ಯಬಹುದು. ಶೌಚಕ್ಕೆ ಚೀಲ ತೊಡಿಸಿದ ಬಕೆಟ್. ಅಲ್ಲಿನವರು ಅದನ್ನು ‘ಹನಿ ಬಕೆಟ್’ ಎನ್ನುತ್ತಾರೆ. ಅದು ತುಂಬಿದಾಗ ಮನೆಯ ಮಂದಿಯೇ ಹೊತ್ತು ಹಾಕಿ ಬರಬೇಕು.

ಅಂಥ ಮನೆಯಲ್ಲಿ ಒಂದು ಬೋಗುಣಿ ಇರುತ್ತದೆ. ಬೆಳಿಗ್ಗೆ ತುಂಬಿಸಿದ ನೀರಿನಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಕೈ ತೊಳೆಯುತ್ತಾರೆ. ಬಕೆಟ್ ಹೊತ್ತು ಬಂದವರು, ಮೀನು ಸೀಳಿದವರು, ಕೂಸಿನ ಮೂಗು ಒರೆಸಿದವರು, ಎಲ್ಲರದೂ ಅದೇ ನೀರು. ಹೊರಗೆ ಮೈನಸ್ ಮೂವತ್ತು ಡಿಗ್ರಿ ಇರುವಾಗ ನೀರು ಹೊತ್ತು ತರುವುದು ಎಷ್ಟು ದುಬಾರಿ ಎಂದು ಗೊತ್ತಿದ್ದವರು ಬೋಗುಣಿಯ ನೀರನ್ನು ಗಳಿಗೆಗೊಮ್ಮೆ ಚೆಲ್ಲುವುದಿಲ್ಲ. ಇದನ್ನು ಅಜ್ಞಾನ, ಕೊಳಕು ಎಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಕೈ ತೊಳೆಯಬೇಕೆಂದು ಆ ತಾಯಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿದೆ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ, ಪರೀಕ್ಷೆಗೂ ಉಪಯೋಗವಾಗುತ್ತದೆ. ನೀರಿನಿಂದ ಬರುವ ಕಾಯಿಲೆಗಳು ಒಂದು ಬಗೆಯವಲ್ಲ. ಡೇವಿಡ್ ಬ್ರಾಡ್ಲಿ ಎಂಬ ತಜ್ಞರು ಸಹಸಂಶೋಧಕರೊಂದಿಗೆ ಪೂರ್ವ ಆಫ್ರಿಕಾದಲ್ಲಿ ಮಾಡಿದ ಕೆಲಸದ ಆಧಾರದ ಮೇಲೆ 1970ರ ದಶಕದ ಆರಂಭದಲ್ಲಿ ಅವನ್ನು ವಿಂಗಡಿಸಿದರು. ಕಲುಷಿತ ನೀರು ಕುಡಿದು ಬರುವ ಕಾಯಿಲೆ ಬೇರೆ, ತೊಳೆಯಲು ಸಾಕಷ್ಟು ನೀರಿಲ್ಲದೆ ಬರುವ ಕಾಯಿಲೆ ಬೇರೆ. ಮೊದಲನೆಯದಕ್ಕೆ ನೀರಿನ ಶುದ್ಧತೆ ಮದ್ದು, ಎರಡನೆಯದಕ್ಕೆ ನೀರಿನ ಪ್ರಮಾಣ ಮದ್ದು. ಅಲಾಸ್ಕಾದ ಹಳ್ಳಿಯ ಕೇಂದ್ರದಲ್ಲಿ ಸಿಗುವ ನೀರು ಶುದ್ಧವಾಗಿಯೇ ಇದೆ. ಅದಕ್ಕೇ ಭೇದಿ ಆಸ್ಪತ್ರೆಯ ಪಟ್ಟಿಯಲ್ಲಿ ಕೆಳಗೆ ಜಾರಿದೆ. ಆದರೆ ಆ ನೀರು ತಲೆಗೆ ಇಷ್ಟೇ ಇಷ್ಟು. ಹಾಗಾಗಿ ಕೈಯಿಂದ ಕೈಗೆ, ಕೈಯಿಂದ ಮೂಗಿಗೆ ದಾಟುವ ಶ್ವಾಸಕೋಶದ ಸೋಂಕು ಮತ್ತು ಚರ್ಮದ ಕುರು, ಕೀವು ಮೇಲಕ್ಕೆ ಬಂದಿವೆ.

ಇದು ಊಹೆಯಲ್ಲ. ಮನೆಯೊಳಗೆ ನೀರಿನ ಸೌಲಭ್ಯ ಕಡಿಮೆಯಿರುವ ಮತ್ತು ಹೆಚ್ಚಿರುವ ಅಲಾಸ್ಕಾದ ಗ್ರಾಮೀಣ ಪ್ರದೇಶಗಳನ್ನು ಹೋಲಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಸೌಲಭ್ಯ ಕಡಿಮೆಯಿರುವಲ್ಲಿ ನ್ಯುಮೋನಿಯಾ ಮತ್ತು ಇನ್‌ಫ್ಲುಯೆಂಜಾಕ್ಕೆ ಆಸ್ಪತ್ರೆ ಸೇರುವ ಪ್ರಮಾಣ ಎರಡೂವರೆ ಪಟ್ಟು. ಚರ್ಮದ ಸೋಂಕಿಗೆ ಸುಮಾರು ಎರಡು ಪಟ್ಟು. ಐದು ವರ್ಷದೊಳಗಿನ ಮಕ್ಕಳಲ್ಲಿ ಆರ್‌ಎಸ್‌ವಿ ಎಂಬ ಶ್ವಾಸಕೋಶದ ವೈರಸ್‌ಗೆ ಮೂರು ಪಟ್ಟಿಗೂ ಹೆಚ್ಚು. ನಂತರ ಇದೇ ಸೀಮೆಯ ನಾಲ್ಕು ಹಳ್ಳಿಗಳಿಗೆ ಕೊಳವೆ ನೀರು ಬಂದಾಗ ಮೊದಲೂ ಆಮೇಲೂ ಅಳೆದು ನೋಡಿದರು. ಅದರ ಫಲಿತಾಂಶ 2016ರಲ್ಲಿ ಬಂತು. ತಲೆಗೆ ದಿನಕ್ಕೆ ಆರು ಲೀಟರಿಗಿಂತ ಕಡಿಮೆ ಇದ್ದ ಬಳಕೆ ನೂರರ ಹತ್ತಿರಕ್ಕೆ ಏರಿತು. (ನಮ್ಮ ಜಲಜೀವನ ಮಿಷನ್ ಇಟ್ಟುಕೊಂಡಿರುವ ಗುರಿ 55 ಲೀಟರ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ, ಆರು ಲೀಟರ್ ಎಂದರೆ ಏನೆಂದು ತಿಳಿಯುತ್ತದೆ.) ಉಸಿರಾಟದ ಸೋಂಕುಗಳು ಶೇ. 16ರಷ್ಟು, ಚರ್ಮದ ಸೋಂಕುಗಳು ಶೇ. 20ರಷ್ಟು, ಹೊಟ್ಟೆಯ ಸೋಂಕುಗಳು ಶೇ. 38ರಷ್ಟು ಇಳಿದವು. ಜನ ಅವರೇ, ಹವೆ ಅದೇ, ರಕ್ತವೂ ಅದೇ.

ಶೇ. 16 ಮಾತ್ರವೇ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಬೇಕು ಕೂಡ. ನೀರೊಂದರಿಂದಲೇ ಎಲ್ಲ ಸರಿಹೋಗುವುದಿಲ್ಲ. ಚಳಿಗೆ ಕಿಟಕಿ, ಬಾಗಿಲು ಬಿಗಿದ ಚಿಕ್ಕ ಮನೆಯಲ್ಲಿ ಮೂರು ತಲೆಮಾರು ಒಟ್ಟಿಗೆ ಮಲಗುತ್ತದೆ. ಸೌದೆ ಒಲೆಯ ಹೊಗೆ, ತಂಬಾಕಿನ ಹೊಗೆ ಒಳಗೇ ಸುತ್ತುತ್ತದೆ. ಶಾಲೆಯಿಂದ ಬಂದ ಅಣ್ಣನ ನೆಗಡಿ ರಾತ್ರಿಯೊಳಗೆ ತೊಟ್ಟಿಲು ಮುಟ್ಟುತ್ತದೆ. ಆರ್‌ಎಸ್‌ವಿ ಈ ದಾರಿಯಲ್ಲೇ ಬರುತ್ತದೆ. ಈ ಮುಖಜಭೂಮಿಯಲ್ಲಿ 1990ರ ದಶಕದಿಂದ 2000ದ ದಶಕದ ಮೊದಲ ವರ್ಷಗಳವರೆಗೆ ಸಾವಿರ ಕೂಸುಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳು ಈ ಒಂದೇ ವೈರಸ್‌ನಿಂದ ಆಸ್ಪತ್ರೆ ಸೇರುತ್ತಿದ್ದರು. ಲೋಕದಲ್ಲಿ ದಾಖಲಾದ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಎಳೆಯ ಪ್ರಾಯದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ತಗುಲಿದ ಕೆಲವು ಮಕ್ಕಳ ಶ್ವಾಸನಾಳ ಶಾಶ್ವತವಾಗಿ ಹಿಗ್ಗಿ, ದೊಡ್ಡವರಾದ ಮೇಲೂ ಕೆಮ್ಮು, ಕಫದಲ್ಲೇ ಬದುಕಬೇಕಾಗುತ್ತದೆ. ಚರ್ಮದ ಸೋಂಕಿಗೂ ಅಲ್ಲಿನದೇ ಆದ ಒಂದು ದಾರಿಯಿದೆ. 2000ದಲ್ಲಿ ಅಲಾಸ್ಕಾದ ನೈರುತ್ಯ ಭಾಗದಲ್ಲಿ ಕುರುಗಳು ಗುಂಪಾಗಿ ಕಾಣಿಸಿಕೊಂಡಾಗ, ಸಾಮಾನ್ಯ ಪ್ರತಿಜೈವಿಕಗಳಿಗೆ ಬಗ್ಗದ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ರೋಗಿಗಳಲ್ಲಷ್ಟೇ ಅಲ್ಲ, ಅವರು ಬಳಸುತ್ತಿದ್ದ ಹಬೆಸ್ನಾನದ ಕೋಣೆಗಳಲ್ಲೂ ಸಿಕ್ಕಿತು. ನೀರು ಕಡಿಮೆಯಿರುವಲ್ಲಿ ಹಬೆಸ್ನಾನವೇ ಮೈ ಶುದ್ಧಿಯ ಸಾಧನ. ಅದನ್ನು ಬಿಡಿ ಎನ್ನಲು ಯಾರಿಗೂ ಅಧಿಕಾರವಿಲ್ಲ. ಕೂರುವ ಹಲಗೆಯ ಮೇಲೆ ಬೇರೆ ಬೇರೆ ಟವೆಲ್ ಹಾಸಿಕೊಳ್ಳಿ, ಹಲಗೆಯನ್ನು ತೊಳೆಯಿರಿ ಎಂದಷ್ಟೇ ಹೇಳಬಹುದು.

ಇನ್ನು ನೈರುತ್ಯ. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಚಾಚಿಕೊಂಡಿರುವ, ನವಾಹೋ ಬುಡಕಟ್ಟಿನ ಸೀಮೆಯಾದ ನವಾಹೋ ನೇಷನ್ ಸುಮಾರು 70,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ಅಲ್ಲಿ ಸುಮಾರು ಶೇ. 30ರಷ್ಟು ಮನೆಗಳಿಗೆ ನಲ್ಲಿ ನೀರಿಲ್ಲ. ಪಿಕಪ್ ವಾಹನದಲ್ಲಿ ಡ್ರಮ್ ಇಟ್ಟುಕೊಂಡು ಹತ್ತಾರು ಕಿಲೋಮೀಟರ್ ಹೋಗಿ ತುಂಬಿಸಿ ತರುತ್ತಾರೆ. ಕೆಲವು ಬಾವಿಗಳಲ್ಲಿ ಹಳೆಯ ಯುರೇನಿಯಂ ಗಣಿಗಳ ವಿಷ ಸೇರಿದೆ. ಅಲಾಸ್ಕಾದಲ್ಲಿ ಹೆಪ್ಪುಮಣ್ಣು ಮಾಡುವ ಕೆಲಸವನ್ನು ಇಲ್ಲಿ ಚದುರಿದ ಮನೆಗಳು, ಬತ್ತಿದ ನೆಲ ಮತ್ತು ಒಂದೂವರೆ ಶತಮಾನದ ರಾಜಕೀಯ ಮಾಡುತ್ತವೆ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪು ಕೊಟ್ಟು, ನವಾಹೋ ಜನರಿಗೆ ನೀರು ದೊರಕಿಸಲು ಸರ್ಕಾರ ತಾನಾಗಿ ಕ್ರಮ ಕೈಗೊಳ್ಳಲೇಬೇಕೆಂದು 1868ರಲ್ಲಿ ಅವರೊಂದಿಗೆ ಮಾಡಿಕೊಂಡ ಒಪ್ಪಂದ ಹೇಳುವುದಿಲ್ಲ ಎಂದಿತು. ಆಸ್ಪತ್ರೆಯ ದಾಖಲಾತಿ ಪುಸ್ತಕದ ಹಿಂದೆ ಇಂಥ ತೀರ್ಪುಗಳೂ ಇರುತ್ತವೆ. 2020ರ ಮೇ ತಿಂಗಳಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಕೋವಿಡ್ ಪ್ರಕರಣಗಳಲ್ಲಿ ನವಾಹೋ ನೇಷನ್ ನ್ಯೂಯಾರ್ಕ್ ರಾಜ್ಯವನ್ನೇ ಹಿಂದಿಕ್ಕಿದಾಗ ಪತ್ರಿಕೆಗಳು ಬೆಚ್ಚಿದವು. ನಲ್ಲಿಯಿಲ್ಲದ ಮನೆಗೆ ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ ಎಂದು ಉಪದೇಶ ಹೋಗುತ್ತಿದ್ದ ಕಾಲ ಅದು.

ಹಾಗೆಂದು ಪ್ರತಿ ಪ್ರದೇಶದ ಕಥೆಯೂ ನೀರಿನದೇ ಅಲ್ಲ. ಅರಿಜೋನಾದ ಕೆಲವು ಬುಡಕಟ್ಟು ಪ್ರದೇಶಗಳಲ್ಲಿ 2003ರಿಂದ ರಾಕಿ ಪರ್ವತದ ಚುಕ್ಕಿಜ್ವರ ಕಾಣಿಸಿಕೊಂಡಿತು. ಅದನ್ನು ಹರಡುತ್ತಿದ್ದುದು ಕಾಡಿನ ಉಣ್ಣೆಯಲ್ಲ, ಬೀದಿನಾಯಿಗಳ ಮೈಮೇಲಿನ ಕಂದು ಉಣ್ಣೆ. ಜ್ವರ ಶುರುವಾದ ಐದು ದಿನದೊಳಗೆ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೈವಿಕ ಕೊಡದಿದ್ದರೆ ಜೀವಕ್ಕೇ ಅಪಾಯ, ಮಕ್ಕಳೂ ಸತ್ತಿದ್ದಾರೆ. ನಾಯಿಗಳಿಗೆ ಔಷಧದ ಕೊರಳಪಟ್ಟಿ ಕಟ್ಟುವುದು, ಅಂಗಳಕ್ಕೆ ಔಷಧ ಹೊಡೆಯುವುದು ಇಲ್ಲಿನ ಮದ್ದು. ಅಲಾಸ್ಕಾದ ಹಳ್ಳಿಗೆ ಈ ಉಪಾಯದಿಂದ ಏನೂ ಪ್ರಯೋಜನವಿಲ್ಲ. ಇದೇ ನೈರುತ್ಯ ಸೀಮೆಯಲ್ಲಿ 1993ರಲ್ಲಿ ಇಲಿಗಳಿಂದ ಹರಡುವ ಹಂಟಾವೈರಸ್ ಬಂದಾಗ ಲೋಕವೆಲ್ಲ ಅದರ ಸುದ್ದಿ ಓದಿತು, ನವಾಹೋ ಜನರನ್ನು ಕಂಡರೆ ದೂರ ಸರಿಯುವವರೂ ಹುಟ್ಟಿಕೊಂಡರು. ಆದರೆ ಹಾಸಿಗೆ ತುಂಬಿಸುವ ಲೆಕ್ಕದಲ್ಲಿ ಹಂಟಾವೈರಸ್ ಲೆಕ್ಕಕ್ಕೇ ಇಲ್ಲ. ವರ್ಷ ವರ್ಷವೂ ತುಂಬಿಸುವುದು ಹೆಸರಿಲ್ಲದ ಸಾಧಾರಣ ನ್ಯುಮೋನಿಯಾ.

ಈಗ ವಂಶವಾಹಿ. ನಿಮ್ಮ ಪ್ರಶ್ನೆ ಅಸಂಬದ್ಧವಲ್ಲ. ಉತ್ತರ ಧ್ರುವದ ಸಮೀಪದ ಜನರಲ್ಲಿ ಸಿಪಿಟಿ1ಎ ಎಂಬ ವಂಶವಾಹಿಯ ಒಂದು ರೂಪ ತೀರಾ ಸಾಮಾನ್ಯ. ಕೊಬ್ಬನ್ನು ದೇಹ ಬಳಸುವ ಬಗೆಗೆ ಸಂಬಂಧಿಸಿದ ಆ ರೂಪವಿರುವ ಅಲಾಸ್ಕಾದ ಮಕ್ಕಳಲ್ಲಿ ಉಸಿರಾಟದ ಮತ್ತು ಕಿವಿಯ ಸೋಂಕು ತುಸು ಹೆಚ್ಚು ಎಂದು ತೋರಿಬಂದಿದೆ. ನವಾಹೋ ಮತ್ತು ನೈರುತ್ಯದ ಇನ್ನೊಂದು ಬುಡಕಟ್ಟಾದ ಅಪಾಚೆ ಮಕ್ಕಳಲ್ಲಿ ಸುಮಾರು 2,000ಕ್ಕೆ ಒಬ್ಬರಂತೆ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟುವ ತೀವ್ರ ಸ್ಥಿತಿಯೊಂದು ಕಾಣುತ್ತದೆ. ಬೇರೆಡೆ ಅದು ಎಷ್ಟೋ ಪಾಲು ಅಪರೂಪ. ಎರಡೂ ನಿಜ. ಆದರೆ ಮೊದಲನೆಯದು ನೈರುತ್ಯದ ಅಂಕಿಯನ್ನು ವಿವರಿಸದು, ಎರಡನೆಯದು ಅಲಾಸ್ಕಾದ್ದನ್ನು ವಿವರಿಸದು. ಸಾವಿರಾರು ದಾಖಲಾತಿಗಳ ರಾಶಿಯಲ್ಲಿ ಎರಡನೆಯದು ಕಣ್ಣಿಗೆ ಕಾಣುವಷ್ಟೂ ಇಲ್ಲ.

ರಕ್ತದ ವಾದಕ್ಕೆ ಬಲವಾದ ಉತ್ತರ ಕೊಟ್ಟಿರುವುದು ಲಸಿಕೆಗಳ ಇತಿಹಾಸ. ಹಿಬ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಮಿದುಳುಪೊರೆಯ ಉರಿಯೂತ ಲಸಿಕೆ ಬರುವ ಮುನ್ನ ನವಾಹೋ, ಅಪಾಚೆ ಮತ್ತು ಅಲಾಸ್ಕಾದ ಮೂಲನಿವಾಸಿ ಮಕ್ಕಳಲ್ಲಿ ಉಳಿದ ಅಮೆರಿಕದ ಮಕ್ಕಳಿಗಿಂತ ಐದರಿಂದ ಹತ್ತು ಪಟ್ಟು ಹೆಚ್ಚಿತ್ತು. ಅದಕ್ಕಿಂತ ಕ್ರೂರವಾದದ್ದು ರೋಗ ಬರುತ್ತಿದ್ದ ವಯಸ್ಸು. ಬೇರೆಡೆ ವರ್ಷ ತುಂಬುವ ಹೊತ್ತಿಗೆ ಬಂದರೆ ಇಲ್ಲಿ ಆರು ತಿಂಗಳೂ ತುಂಬಿರುತ್ತಿರಲಿಲ್ಲ. ಮೂರು ಡೋಸ್ ಆದ ಮೇಲೆ ರಕ್ಷಣೆ ಕೊಡುವ ಲಸಿಕೆ ಈ ಮಕ್ಕಳಿಗೆ ತಡವಾಗಿಬಿಡುತ್ತಿತ್ತು. ಆಗ ಮಾತುರಮ್ ಸಂತೋಷಮ್ ಎಂಬ ಭಾರತ ಮೂಲದ ಮಕ್ಕಳ ವೈದ್ಯರು, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು, ನವಾಹೋ ಜನರ ನಡುವೆ ನಿಂತು ಮೊದಲ ಡೋಸ್‌ನಲ್ಲೇ ಕೆಲಸ ಶುರುಮಾಡುವ ಲಸಿಕೆಯೊಂದನ್ನು ಐದು ಸಾವಿರಕ್ಕೂ ಹೆಚ್ಚು ಕೂಸುಗಳಲ್ಲಿ ಪರೀಕ್ಷಿಸಿದರು. ಒಂದು ವರ್ಷದ ಹೊತ್ತಿಗೆ ಅದರ ರಕ್ಷಣೆ ಶೇ. 95. ಫಲಿತಾಂಶ ಪ್ರಕಟವಾದದ್ದು 1991ರಲ್ಲಿ. ಅಲಾಸ್ಕಾದಲ್ಲೂ ಅದೇ ವರ್ಷದಿಂದ ಹಿಬ್ ಲಸಿಕೆ ಕೊಡತೊಡಗಿ ರೋಗ ಕುಸಿಯಿತು. 1996ರಲ್ಲಿ ಅಲಾಸ್ಕಾ ಇನ್ನೊಂದು ಲಸಿಕೆಗೆ ಬದಲಾಯಿತು. ಬೇರೆ ರಾಜ್ಯಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ ಲಸಿಕೆ ಅದು, ಆದರೆ ಮೊದಲ ಡೋಸ್‌ಗೆ ಅಷ್ಟು ಬಲವಿಲ್ಲ. ಹಳ್ಳಿಗಳ ಕೂಸುಗಳಲ್ಲಿ ಹಿಬ್ ಮತ್ತೆ ತಲೆಯೆತ್ತಿತು. 2001ರಲ್ಲಿ ಹಳೆಯ ಲಸಿಕೆಗೇ ಮರಳಿದರು, ರೋಗ ಮತ್ತೆ ಇಳಿಯಿತು. ದೇಶಕ್ಕೆಲ್ಲ ಒಂದೇ ಲಸಿಕೆ ಸಾಕು ಎನ್ನುವವರಿಗೆ ನಾನು ಮೊದಲು ಹೇಳುವ ಉದಾಹರಣೆ ಇದೇ.

ಹೆಪಟೈಟಿಸ್ ಎ ಇನ್ನೂ ಸ್ಪಷ್ಟ. ಅಲಾಸ್ಕಾದ ಹಳ್ಳಿಗಳಲ್ಲಿ ವರ್ಷಗಳ ಅಂತರದಲ್ಲಿ ಅಲೆಯಾಗಿ ಬರುತ್ತಿದ್ದ ಈ ಕಾಮಾಲೆ 1990ರ ದಶಕದಲ್ಲಿ ಲಸಿಕೆ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಬಹುಪಾಲು ಮಾಯವಾಯಿತು. ದೇಶದಲ್ಲೇ ಅತಿ ಹೆಚ್ಚು ರೋಗವಿದ್ದ ಜನರಲ್ಲಿ ಅದು ಉಳಿದವರ ಮಟ್ಟಕ್ಕೆ ಇಳಿಯಿತು. ವಂಶವಾಹಿ ಐದು ವರ್ಷದಲ್ಲಿ ಬದಲಾಗುವುದಿಲ್ಲ.

ಆರ್‌ಎಸ್‌ವಿಗೆ ಈಗ ಅಂಥ ಅವಕಾಶ ಬಂದಿದೆ. ಒಂದೇ ಚುಚ್ಚುಮದ್ದಿನಲ್ಲಿ ಇಡೀ ಋತುವಿಗೆ ರಕ್ಷಣೆ ಕೊಡುವ ನಿರ್ಸೆವಿಮ್ಯಾಬ್ ಎಂಬ ಪ್ರತಿಕಾಯಕ್ಕೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಎಂಟು ತಿಂಗಳು ದಾಟಿದ ಆರೋಗ್ಯವಂತ ಮಕ್ಕಳಿಗೆ ಅಲ್ಲಿ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಮೂಲನಿವಾಸಿ ಮಕ್ಕಳಿಗೆ ಮಾತ್ರ ಹತ್ತೊಂಬತ್ತು ತಿಂಗಳವರೆಗೆ, ಎರಡನೇ ಋತುವಿಗೂ ಶಿಫಾರಸು ಮಾಡಿದ್ದಾರೆ. ಪ್ರದೇಶವಾರು ಆಸ್ಪತ್ರೆ ಲೆಕ್ಕ ಇಟ್ಟಿದ್ದಕ್ಕೆ ಸಿಕ್ಕ ನೇರ ಫಲ ಇದು. ನೀರಿಗೂ ಹಣ ಬಂದಿದೆ: 2021ರ ಮೂಲಸೌಕರ್ಯ ಕಾನೂನಿನಲ್ಲಿ ಮೂಲನಿವಾಸಿಗಳ ನೀರು, ನೈರ್ಮಲ್ಯಕ್ಕೆ 350 ಕೋಟಿ ಡಾಲರ್ ಇಟ್ಟರು. ಕೊಳವೆ ಹಾಕಿದ ಮೇಲೆ ಅದನ್ನು ವರ್ಷ ವರ್ಷ ನಡೆಸಲು ಬೇಕಾದ ಇಂಧನ, ಕೆಲಸಗಾರರ ಖರ್ಚನ್ನು ಇನ್ನೂರು ಮನೆಯ ಹಳ್ಳಿ ಹೇಗೆ ಹೊರುತ್ತದೆ ಎಂಬ ಚಿಂತೆ ನನಗಿದೆ.

ಸೆಮಿನಾರ್‌ನಲ್ಲಿ ನೀವು ಎಡವಬಹುದಾದ ಜಾಗವನ್ನೂ ಹೇಳಿಬಿಡುತ್ತೇನೆ. ಆಸ್ಪತ್ರೆ ದಾಖಲಾತಿ ಎಂದರೆ ರೋಗದ ಅಳತೆ ಮಾತ್ರವಲ್ಲ. ಹಳ್ಳಿಯ ಆರೋಗ್ಯ ಸಹಾಯಕಿ ಸಂಜೆ ಬೆತೆಲ್‌ನ ವೈದ್ಯರಿಗೆ ಫೋನ್ ಮಾಡಿ, ನಾಲ್ಕು ತಿಂಗಳ ಕೂಸು ವೇಗವಾಗಿ ಉಸಿರಾಡುತ್ತಿದೆ, ಎದೆ ಒಳಸೆಳೆಯುತ್ತಿದೆ ಎನ್ನುತ್ತಾಳೆ ಎಂದುಕೊಳ್ಳಿ. ಮಂಜು ಕವಿಯುತ್ತಿದೆ, ನಾಳೆ ವಿಮಾನ ಹಾರುವ ಭರವಸೆ ಇಲ್ಲ. ವಿವೇಕವಿರುವ ವೈದ್ಯರು ಕೂಸನ್ನು ಈಗಲೇ ಕಳುಹಿಸಿ ಎನ್ನುತ್ತಾರೆ. ಅದೇ ಕೂಸು ಆಸ್ಪತ್ರೆಯ ಎದುರು ಬೀದಿಯಲ್ಲಿದ್ದರೆ ಬೆಳಿಗ್ಗೆ ಬಂದು ತೋರಿಸಿ ಎಂದು ಮನೆಗೆ ಕಳುಹಿಸುತ್ತಿದ್ದರು. ಹೀಗೆ ದೂರವೂ ದಾಖಲಾತಿಯನ್ನು ಏರಿಸುತ್ತದೆ. ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾ ಮತ್ತು ಪೋರ್ಟ್‌ಲೆಂಡ್ ವಲಯಗಳಲ್ಲಿ ಇಂಡಿಯನ್ ಹೆಲ್ತ್ ಸರ್ವಿಸ್‌ಗೆ ಆಸ್ಪತ್ರೆಗಳೇ ಇಲ್ಲ. ಅಲ್ಲಿನ ರೋಗಿ ಬೇರೆ ಆಸ್ಪತ್ರೆಗೆ ಹೋಗುತ್ತಾನೆ, ಅಲ್ಲಿ ಅವನ ಜನಾಂಗವನ್ನು ತಪ್ಪಾಗಿ ಬರೆದುಕೊಳ್ಳುವುದು ಮಾಮೂಲು. ಹೆಚ್ಚಿನ ಮೂಲನಿವಾಸಿಗಳು ಇಂದು ನಗರಗಳಲ್ಲಿದ್ದಾರೆ, ಅವರಲ್ಲಿ ಅನೇಕರು ಈ ಲೆಕ್ಕದ ಹೊರಗೇ ಉಳಿಯುತ್ತಾರೆ. ಹಾಗಾಗಿ ಒಂದು ಪ್ರದೇಶದ ಅಂಕಿ ಕಡಿಮೆ ಕಂಡರೆ ಅಲ್ಲಿ ಆರೋಗ್ಯ ಚೆನ್ನಾಗಿದೆ ಎಂದು ಬರೆಯಬೇಡಿ. ಮೊದಲು ಅಲ್ಲಿ ಎಣಿಸುವವರಿದ್ದಾರೆಯೇ ನೋಡಿ.

ಕೊನೆಗೆ ನಮ್ಮ ಕಡೆಯ ಪ್ರಶ್ನೆ. ಲೆಕ್ಕ ಸಾಧ್ಯವಿದೆ, ಆದರೆ ಈಗ ಲಭ್ಯವಿರುವ ಕೋಷ್ಟಕಗಳಿಂದ ಅಲ್ಲ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ನಾಯಕ ಸಮುದಾಯದವರು. 2011ರ ಜನಗಣತಿಯಲ್ಲಿ ಸೋಲಿಗರು, ಜೇನುಕುರುಬರು ತಲಾ ನಲವತ್ತು ಸಾವಿರಕ್ಕಿಂತ ಕಡಿಮೆ. ‘ಪರಿಶಿಷ್ಟ ಪಂಗಡ’ ಎಂಬ ಒಂದೇ ಸಾಲಿನ ಸರಾಸರಿ ನೋಡಿದರೆ ನಿಮಗೆ ಕಾಣುವುದು ಹೆಚ್ಚುಕಡಿಮೆ ನಾಯಕರ ಆರೋಗ್ಯ. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ (ಸೋಲಿಗರ ಪುಟ್ಟ ಊರಿನಲ್ಲಿ) ನ್ಯುಮೋನಿಯಾ ಬಂದ ಸೋಲಿಗರ ಮಗು ಅದರಲ್ಲಿ ಕಾಣುವುದೇ ಇಲ್ಲ. ಸೋಲಿಗರಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆಯಾದ ಕುಡುಗೋಲು ಕಣ ರೋಗವೂ (ಸಿಕಲ್ ಸೆಲ್) ಇದೆ, ಆ ರೋಗವಿರುವ ಮಗುವಿಗೆ ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಸೋಂಕು ಬೇರೆ ಮಕ್ಕಳಿಗಿಂತ ಬಹಳ ಅಪಾಯಕಾರಿ. ಹಾಗಾಗಿ ಇಲ್ಲಿ ಸಮುದಾಯದ ಹೆಸರು ಹಿಡಿದು ಎಣಿಸುವ ಅಗತ್ಯ ಇನ್ನೂ ಹೆಚ್ಚು. ನಿಮಗೆ ಹೆಗ್ಗಡದೇವನಕೋಟೆಯಲ್ಲೋ ಚಾಮರಾಜನಗರದಲ್ಲೋ ಸಮುದಾಯ ತರಬೇತಿ ಸಿಕ್ಕರೆ, ಮಾರ್ಗದರ್ಶಕರ ಮತ್ತು ಆಸ್ಪತ್ರೆಯ ಅನುಮತಿ ಪಡೆದು, ಮಕ್ಕಳ ವಾರ್ಡಿನ ದಾಖಲಾತಿ ಪುಸ್ತಕದಿಂದ ಮಗುವಿನ ಹೆಸರು ಬಿಟ್ಟು ಐದು ಸಂಗತಿ ಬರೆದುಕೊಳ್ಳಿ: ಸಮುದಾಯ, ಹಾಡಿ ಅಥವಾ ಪೋಡು, ಮನೆಯಿಂದ ನೀರಿಗೆ ಎಷ್ಟು ದೂರ, ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಮಗುವಿಗೆ ಉಸಿರಾಟ ಕಷ್ಟವಾದ ಎಷ್ಟನೆಯ ದಿನ ಆಸ್ಪತ್ರೆಗೆ ಬಂದರು. ಮೊದಲ ಎರಡು ಪುಸ್ತಕದಲ್ಲೇ ಸಿಗಬಹುದು, ಕೊನೆಯ ಮೂರನ್ನು ತಾಯಿಯನ್ನೇ ಕೇಳಬೇಕಾಗುತ್ತದೆ.